ಮೊದಲು ಹೊಸ ಡ್ರಾಯರ್, ಆಮೇಲೆ ಹಳೆಯದು

ಬ್ರೈಲ್ ಮುದ್ರಣಾಲಯದ ಹಿಂದಿನ ಕೋಣೆ,
ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕಣ್ಣಿನ ಪಟ್ಟಿ ಬಿಚ್ಚಲು ಇನ್ನೂ ಒಂಬತ್ತು ದಿನವಂತೆ. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಹೇಳಿದ್ದನ್ನು ದಿನಕ್ಕೆ ನಾಲ್ಕು ಸಲ ನೆನೆಸಿಕೊಂಡು ಧೈರ್ಯ ತಂದುಕೊಳ್ಳುತ್ತೇನೆ. ನೀನು ಮಾತ್ರ ಅಲ್ಲಾಡದೆ ಮಲಗು ಅಂದರೆ ಎದ್ದು ಕೂತು ಪಕ್ಕದ ಹಾಸಿಗೆಯ ಅಜ್ಜಿಯ ಜೊತೆ ಹರಟೆ ಹೊಡೆಯುತ್ತೀಯಂತೆ. ನರ್ಸ್ ಚಾಡಿ ಹೇಳಿದರು. ಅಪ್ಪ ಆರಾಮಾಗಿದ್ದಾರೆ, ಅಡುಗೆಗೆ ಎರಡು ಸಲ ಉಪ್ಪು ಹಾಕುತ್ತಾರೆ, ಒಂದು ಸಲವೂ ಒಪ್ಪಿಕೊಳ್ಳುವುದಿಲ್ಲ.

ಈಗ ನಾನು ಬೈಸಿಕೊಳ್ಳುವ ವಿಷಯ. ಆಸ್ಪತ್ರೆಗೆ ಹೊರಡುವಾಗ ನೀನು "ನನ್ನ ಪ್ರೋಗ್ರಾಮಿನ ಒಂದು ಸಾಲೂ ಮುಟ್ಟಬೇಡ ಕಣೇ" ಅಂದಿದ್ದೆ. ಮುಟ್ಟಿದೆ. ಏನು ಮಾಡಲಿ ಹೇಳು? ಪಾಠಗಳನ್ನು ಬ್ರೈಲ್ ಚುಕ್ಕಿಗಳಾಗಿಸಲು ನೀನು ಹನ್ನೆರಡು ವರ್ಷ ಕೂತು ಕಟ್ಟಿದ ಪ್ರೋಗ್ರಾಂ, ಮುಂದಿನ ಕೋಣೆಗೆ ಬಂದ ಹೊಸ ಕಂಪ್ಯೂಟರಿನಲ್ಲಿ ಮೊದಲ ಸಾಲಿಗೇ ಮುಗ್ಗರಿಸಿತು. ಅದು ಸಹಾಯಕ್ಕೆ ಕರೆಯುವ ಸಿದ್ಧ ತುಣುಕಿಗೆ, ಆ ಮಾಡ್ಯೂಲಿಗೆ, ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯಲ್ಲಿ ಬೇರೆ ಹೆಸರಿಟ್ಟಿದ್ದಾರೆ. ಹೆಸರು ಬದಲಿಸಿದೆ. ಹೊಸದು ಓಡಿತು, ನಿನ್ನ ಹಳೆಯ ಕಂಪ್ಯೂಟರ್ ಮುಷ್ಕರ ಹೂಡಿತು. ಅದನ್ನು ಬಿಡುವಂತಿಲ್ಲ, ಚುಕ್ಕಿ ಒತ್ತುವ ಯಂತ್ರ ಅದರ ಮಾತನ್ನಷ್ಟೇ ಕೇಳುತ್ತದೆ. ಮಹಾ ಜಾಣೆಯ ಹಾಗೆ ಎರಡು ಪ್ರತಿ ಮಾಡಿಟ್ಟೆ. ಪುಟಸಂಖ್ಯೆಯ ತಪ್ಪೊಂದನ್ನು ಹೊಸ ಪ್ರತಿಯಲ್ಲಿ ತಿದ್ದಿ ಹಳೆಯದರಲ್ಲಿ ಮರೆತೆ. ಪುಸ್ತಕ ಅಚ್ಚಾಗಿ ಅಂಧ ಮಕ್ಕಳ ಶಾಲೆಗೆ ಹೋಯಿತು. ಗಣಿತದ ಟೀಚರ್ ಬೆರಳಾಡಿಸಿ, "ಏನಮ್ಮಾ, ನಿಮ್ಮ ಏಳನೇ ಪುಟ ಅವಳಿಜವಳಿನಾ?" ಅಂದರು. ಮುಖ ಎಲ್ಲಿಡಲಿ ಅನ್ನಿಸಿತು. ಮ್ಯಾನೇಜರ್ ನಗಲಿಲ್ಲ. "ಬುಧವಾರದೊಳಗೆ ಒಂದೇ ಪ್ರೋಗ್ರಾಂ ಎರಡರಲ್ಲೂ ನಡೀಬೇಕು. ಇಲ್ಲಾಂದ್ರೆ ನಿಮ್ಮಮ್ಮಂದು ತೆಗೆದುಹಾಕಿ ರೆಡಿಮೇಡ್ ತರಿಸೋಣ" ಅಂದರು. ಹನ್ನೆರಡು ವರ್ಷ ಅಮ್ಮಾ!

ನಿನ್ನೆ ಮನೆಯಲ್ಲಿ ಕತ್ತರಿ ಹುಡುಕುತ್ತಿದ್ದಾಗ ನೀನೇ ಗದರಿದಂತಾಯಿತು: "ಮೊದ್ಲು ಹೊಸ ಡ್ರಾಯರ್ ನೋಡು. ಇಲ್ದಿದ್ರೆ ಹಳೇದ್ರಲ್ಲಿ ನೋಡು. ಅಲ್ಲಿಂದ್ಲೇ ಕಿರುಚ್ಬೇಡ." ಅಯ್ಯೋ, ಅಷ್ಟೇ ತಾನೇ! ಬೆಳಿಗ್ಗೆ ಬಂದವಳೇ ಪುಟ್ಟ ಫೈಲೊಂದರಲ್ಲಿ ನಾಲ್ಕು ಸಾಲು ಬರೆದೆ. ಮಾಡ್ಯೂಲನ್ನು ಮೊದಲು ಹೊಸ ಹೆಸರಿನಿಂದ ಕರೆ. ಅಂಥದ್ದು ಇಲ್ಲವೆಂದರೆ ಹಳೆಯ ಹೆಸರಿನಿಂದ ಕರೆ. ಯಾವುದು ಬಂದರೂ ಒಳಗೆ ಒಂದೇ ಹೆಸರು. ಉಳಿದ ಮೂವತ್ತು ಫೈಲುಗಳೂ ಈಗ ಈ ಪುಟ್ಟದನ್ನೇ ಕೇಳುತ್ತವೆ. ಮೊದಲು, ಯಾವ ತಪ್ಪು ಬಂದರೂ ಹಳೆಯ ಹೆಸರಿಗೆ ಓಡು ಎಂದು ಬರೆದುಬಿಟ್ಟಿದ್ದೆ. ನನ್ನದೇ ತಪ್ಪೊಂದು ಅದರಡಿ ಅಡಗಿ ಕೂತು ಎರಡು ಗಂಟೆ ತಿಂದಿತು. ಈಗ ಹೊಸ ಹೆಸರು ಸಿಗದಿದ್ದರೆ ಮಾತ್ರ ಹಳೆಯದಕ್ಕೆ ಹೋಗುತ್ತದೆ. ಚುಕ್ಕಿ ಮೂಡಿಸುವ ನಿನ್ನ ಸಾಲುಗಳನ್ನು ಮುಟ್ಟಿಲ್ಲ, ನಿನ್ನಾಣೆ.

ಪಕ್ಕದ ಹಾಸಿಗೆಯ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಅಪ್ಪ ನಿನ್ನನ್ನು ಕೇಳಿದರು ಎಂದು ಬರೆಯಲು ಹೇಳಿದ್ದಾರೆ. ಉಪ್ಪಿನ ವಿಷಯ ಬರೆಯಬೇಡ ಎಂದೂ ಹೇಳಿದ್ದಾರೆ.

ನಿನ್ನ ಮಾತು ಕೇಳದ,
ಬಾಲಂಗೋಚಿ

ಅವಸರದಲ್ಲಿ ಇನ್ನೊಂದು: ಕಣ್ಣು ಮುಚ್ಚಿ ಬೆರಳಲ್ಲೇ ಕರಡು ತಿದ್ದುತ್ತಿದ್ದವಳು ನೀನು, ಇದು ಬ್ರೈಲ್ ಎಂದು ಮುಟ್ಟಿದ ಕೂಡಲೇ ಗೊತ್ತಾಗಿರುತ್ತದೆ. ಗೊತ್ತಿಲ್ಲದ್ದು ಇಷ್ಟು: ಮೇಲಿನ ಪತ್ರವನ್ನೆಲ್ಲ ಹೊಸ ಕಂಪ್ಯೂಟರಿನಲ್ಲೂ ಹಳೆಯದರಲ್ಲೂ ಒಂದೇ ಪ್ರೋಗ್ರಾಮಿನಿಂದ ಬ್ರೈಲಿಗೆ ತಿರುಗಿಸಿ ನೋಡಿದೆ. ಒಂದು ಚುಕ್ಕಿಯೂ ವ್ಯತ್ಯಾಸವಿಲ್ಲ. ಈಗ ಇದನ್ನೂ ಸೇರಿಸಿ ಒತ್ತಿಸುತ್ತಿದ್ದೇನೆ, ಸಂಜೆ ಅದೇ ಗಣಿತದ ಟೀಚರ್ ಆಸ್ಪತ್ರೆಗೆ ತಂದುಕೊಡುತ್ತಾರೆ. ಮ್ಯಾನೇಜರಿಗೆ ನಾಳೆ ತೋರಿಸುತ್ತೇನೆ, ಮೊದಲ ಕರಡು ನಿನಗೆ. ಪುಟಸಂಖ್ಯೆಗಳ ಮೇಲೆ ಬೆರಳಿಟ್ಟು ನೋಡು, ತಪ್ಪಿದ್ದರೆ ಟೀಚರ್ ಹತ್ತಿರ ಹೇಳಿಕಳಿಸು. ಒಂಬತ್ತು ದಿನ ಕಾಯಬೇಕಾಗಿಲ್ಲ ಅಮ್ಮಾ. ನೀನು ಮಕ್ಕಳಿಗೆಂದು ಬರೆದ ಪ್ರೋಗ್ರಾಂ ಇವತ್ತು ನಿನಗೇ ಓದಲು ಕೊಡುತ್ತಿದೆ.