ಹತ್ತು ಗೂಟ

ಫೆಬ್ರವರಿ 18

ಬಸ್ಸಿನಿಂದ ಇಳಿಯುವ ಮೊದಲೇ ಮೂಗು ಮುಚ್ಚಿಕೊಂಡೆ. ಕೊಳೆತ ಕಡಲಪಾಚಿ, ಸುಟ್ಟ ಮಾಂಸ, ಬಿಳಿಯರು ಮೈಗೆ ಬಳಿದುಕೊಳ್ಳುವ ಎಣ್ಣೆ — ಮೂರೂ ಒಂದೇ ಗಾಳಿಯಲ್ಲಿ. ಇದಂತೆ ಜಾಂಜಿಬಾರಿನ ಸ್ವರ್ಗದ ದಂಡೆ! ಎರಡು ಹೋಟೆಲುಗಳ ಡೋಲಿನ ನಡುವೆ ಮಸೀದಿಯ ಕರೆ ಕೇಳಿಸುವುದೇ ಇಲ್ಲ. ಮಾಸಾಯಿ ಬುಡಕಟ್ಟಿನವರ ಕೆಂಪು ಬಟ್ಟೆ ಸುತ್ತಿಕೊಂಡ ಒಬ್ಬ, ಕೈಯಲ್ಲಿ ಈಟಿ, ಪ್ರವಾಸಿಗರಿಗೆ ಹೇಳುವಂತೆ ನನಗೇ "ಜಾಂಬೊ" ಎಂದ. ಮಾಸಾಯಿಯಂತೆ ಮಾಸಾಯಿ. ಪಟ್ಟಣದ ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ಥೂ.

ಚಿಕ್ಕಮ್ಮ ಮ್ವಾತುಮುವಿನ ಮನೆ. ಹೋಟೆಲಿನ ಎದುರಿನ ನೀರಿನಲ್ಲೇ ಅವಳ ಪಾಚಿತೋಟ, ಒಣಗಿಸಿ ಮಾರಲು — ಗೂಟ ನೆಟ್ಟು, ಹಗ್ಗ ಬಿಗಿದು, ಹಗ್ಗಕ್ಕೆ ಸಸಿ ಕಟ್ಟುವುದು. ಹದಿನೆಂಟು ವರ್ಷದ ತೋಟ. ಈಜುವವರ ಕಾಲಿಗೆ ಚುಚ್ಚುತ್ತದೆ, ಗೂಟ ಕೀಳಿಸಿ ಎಂದು ಹೋಟೆಲಿನವರು ಊರ ಮುಖಂಡನ ಬೆನ್ನು ಬಿದ್ದಿದ್ದಾರೆ. ಊರ ಕಟ್ಟಳೆ ಮಾತ್ರ ಅಡ್ಡ ನಿಂತಿದೆ: ಗೂಟ ನಿಂತಿದ್ದು, ಸಸಿ ಕಟ್ಟುವ ಹೆಂಗಸಿನ ಕೈ ಹಗ್ಗದ ಮೇಲೆ ಇರುವವರೆಗೆ ಆ ತುಂಡು ಕಡಲು ಅವಳದು. ಅದನ್ನು ಉಳಿಸಲೆಂದೇ ಬಂದಿದ್ದೇನೆ. ಚೀಲದ ತುಂಬ ಕರಪತ್ರ.

ಚಿಕ್ಕಮ್ಮ ಚೀಲ ಎತ್ತಿ ನೋಡಿದಳು. "ಏನೋ ಮಕಾಮೆ, ಇಷ್ಟು ಭಾರ! ಅಕ್ಕಿ ತಂದ್ಯಾ?"

"ಓದೋದು, ಚಿಕ್ಕಮ್ಮ."

"ಓಹೋ. ಎಷ್ಟು ಹೊತ್ತು ಬೇಯಿಸ್ಬೇಕು?"

ಫೆಬ್ರವರಿ 20, ಮಧ್ಯಾಹ್ನ

ಸಭೆ. ಹತ್ತೂವರೆಗೆ, ಬಾದಾಮಿ ಮರದ ಕೆಳಗೆ. ಬಂದವರು — ಅಳಗುಳಿಮಣೆ ಆಡುವ ಮೂವರು ಮುದುಕರು (ಅವರು ಮೊದಲೇ ಅಲ್ಲಿದ್ದರು), ಒಂದು ಆಡು. "ದುಡಿಯುವ ಹೆಣ್ಣುಮಕ್ಕಳೇ" ಎಂದು ಶುರು ಮಾಡಿದೆ. ಆಡು ಕೆಮ್ಮಿತು.

"ಯಾರನ್ನ ಕರೀತಿದ್ದೀಯೋ?" ಎಂದ ಮುದುಕ ವುವಾಯಿ. "ನಿನ್ನೆ ಹುಣ್ಣಿಮೆ. ದೊಡ್ಡ ಇಳಿತ. ನೀರು ಹವಳದ ದಿಬ್ಬದವರೆಗೆ ಹಿಂದೆ ಹೋಗಿದೆ, ಹೆಂಗಸರೆಲ್ಲ ಅದರ ಹಿಂದೆ ಹೋಗಿದಾರೆ. ಭಾಷಣ ಇಟ್ಕೊಳ್ಳೋನು ಮೊದಲು ಚಂದ್ರನ್ನ ಕೇಳ್ಬೇಕಪ್ಪ."

"ಮತ್ತೆ ನೀವೇನು ಮಾಡ್ತಿದೀರಿ ಇಲ್ಲಿ, ತಾತ?"

"ಕಾಣಲ್ವಾ? ಗೆಲ್ತಾ ಇದೀನಿ."

ಈ ಗಂಡಸರನ್ನು ನೋಡಿದರೆ ವಾಕರಿಕೆ. ಅವರು ನನ್ನನ್ನು ನೋಡಿ ನಕ್ಕರು ಅಂತಲ್ಲ. ...ಅದಕ್ಕೂ.

ಫೆಬ್ರವರಿ 21

ಇಂದು ನಾನೇ ಇಳಿದೆ. ನೀರು ಸ್ನಾನದ ಹಂಡೆಯಷ್ಟು ಬಿಸಿ. ಹಗ್ಗಗಳು ಬೋಳು. ಎಲ್ಲೋ ಒಂದೆರಡು ಸಸಿ, ಬೆಳ್ಳಗೆ ಲೋಳೆಯಾಗಿ ಬೆರಳಿಗೆ ಅಂಟಿತು.

ಚಿಕ್ಕಮ್ಮ ಉಟ್ಟ ಕಂಗಾ ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಬಗ್ಗಿದ್ದಳು. ಎದುರಿಗೆ ಒಂಬತ್ತು ಮಂದಿ ಪ್ರವಾಸಿಗರು, ಹೋಟೆಲಿನ ಗೈಡ್ ಖಾತಿಬು. ಅವಳ ಕೈಯಲ್ಲಿ ಒಂದೇ ಒಂದು ಹಸಿರು ಗೊಂಚಲು. ಕಟ್ಟಿದಳು. ಫೋಟೊ. ಬಿಚ್ಚಿದಳು. ಮತ್ತೆ ಕಟ್ಟಿದಳು. "ನಗಮ್ಮಾ" ಎಂದ ಖಾತಿಬು. ಎಲ್ಲ ಹಲ್ಲೂ ತೋರಿಸಿ ನಕ್ಕಳು. ನನಗೆ ಅಕ್ಷರ ಕಲಿಸಿದವಳು!

ಮನೆಯಲ್ಲಿ ಕೇಳಿದೆ — "ನಾಟಕ ಆಡ್ತಿದ್ದೀಯಾ?"

"ನಿಂತಿರ್ತೀನಿ. ನಿಂತಿರೋದೂ ಕೆಲಸಾನೇ. ಜೂನ್ ಬರ್ಲಿ, ತೆಂಕಣ ಗಾಳಿ ತಿರುಗ್ಲಿ, ನೀರು ತಣ್ಣಗಾಗ್ಲಿ, ಆವಾಗ..."

ಮುಂದೆ ಕೇಳಿಸಿಕೊಳ್ಳಲಿಲ್ಲ. ಎದ್ದು ಬಂದೆ.

ಫೆಬ್ರವರಿ 23

ಏಳು ಹಾಳೆ ಬರೆದೆ. ಅಂಗಡಿ, ಶಾಲೆ, ಮುಖಂಡನ ಬಾಗಿಲು — ಮರಗೆಣಸಿನ ಅಂಟಿನಿಂದ ಅಂಟಿಸಿದೆ. "ನಮ್ಮ ತಾಯಂದಿರ ದುಡಿಮೆಯನ್ನು ಗೊಂಬೆಯಾಟ ಮಾಡಿದ್ದಾರೆ! ಹಗ್ಗದಲ್ಲಿ ಸಸಿಯಿಲ್ಲ, ತೋಟದಲ್ಲಿ ಬೆಳೆಯಿಲ್ಲ, ಉಳಿದಿರುವುದು ಬೆಳ್ಳನೆಯ ಹೊಟ್ಟೆಗಳಿಗಾಗಿ ಒಂದು ಸುಳ್ಳು ನಗು!" ಒಳ್ಳೆಯ ವಾಕ್ಯ. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಮಾರ್ಚ್ 6

ಕೀಳುತ್ತಿದ್ದಾರೆ.

ಗೂಟ ಕೀಳಲು ಹೋಟೆಲಿನವರು ದೊಡ್ಡ ಇಳಿತಕ್ಕೆ ಕಾಯುತ್ತಿದ್ದರು, ಇಂದು ಬಂತು. ಹಾಳೆ ಅಂಟಿಸಿದ ಮರುದಿನವೇ ಮುಖಂಡ ಅಂಗಳಕ್ಕೆ ಬಂದು ಹೇಳಿದ್ದ: "ನಾನು ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದೆ, ಮ್ವಾತುಮು. ಈಗ ನಿನ್ನ ಅಕ್ಕನ ಮಗನೇ ಗೋಡೆ ಮೇಲೆ ಬರೆದಿದಾನೆ, ಸಸಿಯಿಲ್ಲ ಅಂತ. ಸಸಿಯಿಲ್ಲದ ತುಂಡು ಪಾಳು. ಹೋಟೆಲಿನವರು ಆ ಹಾಳೆ ಹಿಡ್ಕೊಂಡೇ ಬಂದಿದ್ರು."

ಅಂದಿನಿಂದ ಚಿಕ್ಕಮ್ಮ ನನ್ನೊಡನೆ ಮಾತಾಡಿರಲಿಲ್ಲ. ಇಂದು ದಂಡೆಯಲ್ಲಿ ನಿಂತು ಆಡಿದಳು.

"ನಾಲ್ಕು ತಿಂಗಳು ಕಣೋ. ನೀರು ತಣ್ಣಗಾಗಿ ಸಸಿ ಬದುಕೋವರೆಗೆ, ನಾಲ್ಕೇ ತಿಂಗಳು ಆ ಗೂಟ ನಿಲ್ಲಿಸ್ಕೋಬೇಕಿತ್ತು. ಅವರ ಫೋಟೊನೇ ನನ್ನ ತೋಟಕ್ಕೆ ಕಾವಲಾಗಿತ್ತು. ಕೀಳ್ಬೇಕು ಅಂತಿದ್ದೋರ ಕೈಲೇ ಕಾಯಿಸ್ಕೊಂಡಿದ್ದೆ."

ಸಂಜೆ ಊಟಕ್ಕೆ ಹುರಿದ ಆಕ್ಟೋಪಸ್ ಕೊಟ್ಟಳು. ನನ್ನದೇ ಹಾಳೆಯಲ್ಲಿ ಸುತ್ತಿ. "ತಗೋ. ಇದು ನಿನ್ನ ಬರವಣಿಗೆಯ ಮೊದಲನೇ ಉಪಯೋಗ."

ಮಾರ್ಚ್ 7

ಹೋಟೆಲಿನವರು ದಂಡೆಯಲ್ಲಿ ಬೆಂಕಿ ಹಾಕಿದ್ದರು, ಅತಿಥಿಗಳ ಕುಣಿತಕ್ಕೆ. ಸೌದೆಯ ರಾಶಿ ಗುರುತಿಸಿದೆ. ತುದಿಗೆ ಚಿಪ್ಪು ಮೆತ್ತಿದ ಗೂಟಗಳು. ಉಪ್ಪು ಹೀರಿದ ಮರ — ಹಸಿರಾಗಿ ಉರಿಯಿತು. "ಎಷ್ಟು ಚಂದ" ಎಂದು ಚಪ್ಪಾಳೆ ತಟ್ಟಿದರು.

ಉಗುರಿನ ಸಂದಿಯಲ್ಲಿ ಇನ್ನೂ ಹಾಳೆ ಅಂಟಿಸಿದ ಆ ಅಂಟು ಇದೆ ಅನಿಸುತ್ತದೆ. ಉಜ್ಜಿದೆ, ರಕ್ತ ಬಂತು. ಇಷ್ಟು ದಿನ ಎಲ್ಲರ ಮೇಲೂ ಉಗಿದೆ. ಈಗ ಆ ಉಗುಳು ನನ್ನ ಬಾಯಲ್ಲೇ ಇದೆ.

ಮಾರ್ಚ್ 19

ಖಾತಿಬು ಬಂದ, ಮುಖ ಸಣ್ಣದು ಮಾಡಿಕೊಂಡು. "ಅಮ್ಮಾ, ಪಾಚಿ ಹೆಂಗಸು ಎಲ್ಲಿ ಅಂತ ಅತಿಥಿಗಳು ಜಗಳ ಆಡ್ತಿದಾರೆ. ಬ್ರೋಷರ್‌ನಲ್ಲಿ ನೀನೇ ಇದೀಯ. ಮತ್ತೆ ಬಂದು ನಿಂತ್ಕೋ. ಗೊಂಚಲು ನಾನು ತರ್ತೀನಿ."

ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಪಾದದ ಮೇಲೆ ಹಿಮ್ಮಡಿ ಊರಿದಳು. ಚೆನ್ನಾಗಿಯೇ ಊರಿದಳು.

"ಗೂಟ ಇಲ್ದೆ ಯಾವನು ನಂಬ್ತಾನೆ, ಮಗಾ? ಬರೀ ಮರಳಲ್ಲಿ ಹಗ್ಗ ಹಿಡ್ಕೊಂಡು ನಿಂತ್ರೆ ಆಡು ಕಳ್ಕೊಂಡೋಳ ಥರ ಕಾಣ್ತೀನಿ."

ಖಾತಿಬು ತಲೆ ಕೆರೆದುಕೊಂಡ. "ಎಷ್ಟು ಬೇಕು?"

"ಚಿತ್ರ ಚೆನ್ನಾಗಿ ಬರ್ಬೇಕಂದ್ರೆ... ಹತ್ತು. ಮುಖಂಡನಿಗೆ ನಿಮ್ಮೋರೇ ಹೇಳ್ಬೇಕು. ನಾನು ಹೇಳಿದ್ರೆ ಕೇಳಲ್ಲ."

ಮಾರ್ಚ್ 21

ಗೂಟ ನೆಟ್ಟವನು ನಾನು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ, ಕಲ್ಲಿನಿಂದ ಬಡಿದು. ಒಬ್ಬಳು ಬಿಳಿಯಳು ನನ್ನತ್ತಲೂ ಕ್ಯಾಮೆರಾ ತಿರುಗಿಸಿದಳು. "ನಗೋ" ಎಂದಳು ಚಿಕ್ಕಮ್ಮ ಹಲ್ಲಿನ ಸಂದಿಯಿಂದ. ನಕ್ಕೆ. ಹೇಸಿಗೆ — ಈಗಲೂ ದವಡೆ ನೋಯುತ್ತಿದೆ.

ಖಾತಿಬು ತಂದ ಗೊಂಚಲಿನ ಹಿಂದೆ ಚಿಕ್ಕಮ್ಮ ಇನ್ನೇನೋ ಕಟ್ಟುತ್ತಿದ್ದಳು. ಬೆರಳುದ್ದದ ಮೂರು ಸಸಿ. ದಿಬ್ಬದಾಚೆಯ ತಣ್ಣನೆ ನೀರಿನಿಂದ ಯಾವಾಗ ತಂದಳೋ. ಜೀವ ಇದೆ.

ದಾರಿಯಲ್ಲಿ ಹೇಳಿದಳು: "ಇದನ್ನೂ ಎಲ್ಲಾದ್ರೂ ಬರೆದ್ಯೋ, ಕೈ ಮುರೀತೀನಿ."

ಹತ್ತು ಗೂಟ ನಿಂತಿವೆ. ಇನ್ನು ದಿನವೂ ಹಗ್ಗದ ಮೇಲೆ ಅವಳ ಕೈ. ಮುಖಂಡನಿಗೆ ಹೇಳಿದವರು ಹೋಟೆಲಿನವರೇ. ಅಂದರೆ ಕಟ್ಟಳೆಯ ಪ್ರಕಾರ ಆ ತುಂಡು ಈಗ ಮತ್ತೆ — ಇಲ್ಲ, ಬರೆಯುವುದಿಲ್ಲ.