ಅಹಲ್ಯಾ ಬರೆದದ್ದು, ನಾನು ತಿದ್ದಿದ್ದು

ಸಿಡ್ನಿ ವಿಮಾನ ನಿಲ್ದಾಣ
ಗುರುವಾರ ಮಧ್ಯಾಹ್ನ

ಚಿ. ಅಹಲ್ಯಾಳಿಗೆ,

ಹೆಸರಿನ ಜೊತೆ ‘ಸೌ.’ ಎಂದೂ ಸೇರಿಸುವುದು ನಮ್ಮ ವಾಡಿಕೆ. ಇವತ್ತು ಕೈ ಬರಲಿಲ್ಲ. ಈ ಕಾಗದವನ್ನು ಫೋನಿನಲ್ಲಿ ಕಳಿಸುವುದಿಲ್ಲ. ನಿನ್ನ ಫೋನನ್ನು ಯಾರು ನೋಡುತ್ತಾರೆಂದು ನನಗೀಗ ಗೊತ್ತಾಗಿದೆ. ಸಂಜೆ ಮೆಲ್ಬರ್ನ್‌ಗೆ ಬಂದು ನಿನ್ನ ಕೈಗೇ ಕೊಡುತ್ತೇನೆ.

ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಸಿಡ್ನಿಯ ಗಿರಾವೀನ್‌ನಲ್ಲಿ ಮಗಳು ಉಷಾಳ ಮನೆಯಲ್ಲಿ ಸುಮ್ಮನೆ ಕೂತಿರಲಾರದೆ ಒದ್ದಾಡುತ್ತಿದ್ದಾಗ ನನ್ನನ್ನು ಹುಡುಕಿ ಫೋನ್ ಮಾಡಿದವನು ನಿನ್ನ ಗಂಡ ಶ್ರೀನಾಥ್. “ಆಂಟಿ, ನಮ್ಮನೆಯವಳಿಗೆ ಟೆನ್ಸ್ ಬರಲ್ಲ. ಇಲ್ಲೇ ಕಾಯಂ ಇರೋಕೆ ಪಿಆರ್ ವೀಸಾ ಬೇಕು, ಅದಕ್ಕೆ ಇಂಗ್ಲಿಷ್ ಪಾಯಿಂಟ್ಸ್ ಬೇಕು. ಕ್ಲಾಸು ಅಂತ ಅವಳು ಹೊರಗೆ ಹೋಗೋದೇನೂ ಬೇಡ, ಫೋನಲ್ಲೇ ಹೇಳ್ಕೊಡಿ” ಎಂದ. ಎಷ್ಟು ಕಾಳಜಿಯ ಹುಡುಗ ಎಂದುಕೊಂಡೆ. ಹಾಗೆ ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿದ್ದ ನೀನು, ಒಮ್ಮೆಯೂ ಮುಖಾಮುಖಿ ನೋಡದ ನನ್ನ ಶಿಷ್ಯೆಯಾದೆ. ದಿನಕ್ಕೆ ಹತ್ತು ವಾಕ್ಯ, ನಿನ್ನ ದಿನಚರಿಯಿಂದಲೇ. ನೀನು ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸುತ್ತಿದ್ದೆ. ನಾನು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ತಿದ್ದಿ, ಮತ್ತೆ ಫೋಟೋ ಕಳಿಸುತ್ತಿದ್ದೆ.

“ಹಿ ಲಾಕ್ ದಿ ಡೋರ್ ಎವ್ರಿ ಡೇ” ಎಂದು ನೀನು ಬರೆದೆ. ‘ಲಾಕ್’ ಅಲ್ಲ, ‘ಲಾಕ್ಸ್’ ಎಂದು ನಾನು ತಿದ್ದಿದೆ. “ಹಿ ಟೇಕ್ ಮೈ ಪಾಸ್‌ಪೋರ್ಟ್” ಎಂದು ಬರೆದೆ. ‘ಹ್ಯಾಸ್ ಟೇಕನ್’ ಎಂದು ಮಾಡಿದೆ. ತೆಗೆದುಕೊಂಡದ್ದು ಇನ್ನೂ ಅವರ ಹತ್ತಿರವೇ ಇದ್ದರೆ ಹೀಗೆ ಬರೆಯಬೇಕಮ್ಮ ಎಂದು ಪಕ್ಕದಲ್ಲಿ ವಿವರಣೆ ಬೇರೆ! ನೀನು ಗೇಟಿನ ಹತ್ತಿರ ನಿಂತಿದ್ದಾಗ ಅವನು ಎಲ್ಲಿಂದಲೋ ನೋಡಿ, ಬಾಗಿಲ ಮೇಲಿನ ಕ್ಯಾಮೆರಾದ ಸ್ಪೀಕರಿನಿಂದ ‘ಒಳಗೆ ಹೋಗು’ ಎಂದದ್ದನ್ನು ಸರಿಯಾಗಿ ಬರೆದಿದ್ದೆ. ಅದಕ್ಕೆ ನಕ್ಷತ್ರ ಕೊಟ್ಟೆ.

ವ್ಯಾಕರಣದ ವಾಕ್ಯಗಳನ್ನು ಯಾರು ನಂಬುತ್ತಾರೆ ಹೇಳು? ಹುಲಿ ನನ್ನ ಅಜ್ಜನನ್ನು ತಿಂದಿತು ಎಂದು ಬರೆದ ಹುಡುಗನ ಮನೆಗೆ ಯಾವ ಮಾಸ್ತರರೂ ಸಮಾಧಾನ ಹೇಳಲು ಹೋಗುವುದಿಲ್ಲ. ನಿನ್ನ ನೋಟ್‌ಬುಕ್ ತಿರುವಿಹಾಕಿದ ಶ್ರೀನಾಥನಿಗೂ ಅವು ಬರೀ ಅಭ್ಯಾಸದ ವಾಕ್ಯಗಳಾಗಿ ಕಂಡಿರಬೇಕು. ಅದನ್ನು ತಿಳಿದೇ ನೀನು ಅಲ್ಲಿ ಬರೆದೆ. ಕಣ್ಣಿದ್ದೂ ಕುರುಡಿಯಾದವಳು ನಾನು.

ಅಷ್ಟಕ್ಕೇ ನಿಂತಿದ್ದರೆ ಎಷ್ಟೋ ವಾಸಿಯಿತ್ತು. ಟರ್ಮಿನ ಕೊನೆಗೆ ಪಾಲಕರಿಗೆ ಪ್ರಗತಿ ಪತ್ರ ಕಳಿಸುವುದು ನನ್ನ ಶಾಲೆಯ ರೂಢಿ. ಹುಟ್ಟುಗುಣ ಸುಟ್ಟರೂ ಹೋಗದು. ಕಳೆದ ಭಾನುವಾರ ನಿನ್ನ ವಾಕ್ಯಗಳಲ್ಲಿ ಅತ್ಯುತ್ತಮವಾದ ಆರನ್ನು, ನಕ್ಷತ್ರ ಕೊಟ್ಟ ಆ ಕ್ಯಾಮೆರಾದ್ದೂ ಸೇರಿದಂತೆ, ಆರಿಸಿ, ದುಂಡಗೆ ಬರೆದು, ನಿನ್ನ ಗಂಡನಿಗೆ ಕಳಿಸಿದೆ. ಸಾಲದ್ದಕ್ಕೆ ಫೋನ್ ಮಾಡಿ, “ನಿಮ್ಮ ಹುಡುಗಿ ಭಾಳ ಛಲೋ ಬರೀತಾಳ್ರೀ. ಒಮ್ಮೆ ನೀವೂ ಓದಿ ನೋಡ್ರಿ” ಎಂದೆ. ಅವನು ಮೆಲ್ಲಗೆ, “ಓದ್ತೀನಿ ಆಂಟಿ” ಎಂದ. ಕಳ್ಳನ ಕೈಗೆ ಕೀಲಿ ಕೊಟ್ಟು ನಾನು ನೆಮ್ಮದಿಯಾಗಿ ಚಹಾ ಕುಡಿದೆ.

ಸೋಮವಾರ ನಿನ್ನ ಪುಟ ಬರಲಿಲ್ಲ. ಮಂಗಳವಾರವೂ ಇಲ್ಲ. ನಿನ್ನೆ ಬಂತು, ಟೈಪ್ ಮಾಡಿದ್ದು. ನಾನಿಲ್ಲಿ ಬಹಳ ಸುಖವಾಗಿದ್ದೇನೆ, ನನ್ನ ಗಂಡ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ನನಗಿನ್ನು ಕ್ಲಾಸು ಬೇಡ ಎಂಬ ಹತ್ತು ಇಂಗ್ಲಿಷ್ ವಾಕ್ಯಗಳು. ಒಂದೂ ತಪ್ಪಿಲ್ಲ. ನಾಲ್ಕು ತಿಂಗಳಲ್ಲಿ ಒಂದು ದಿನವೂ ನೀನು ತಪ್ಪಿಲ್ಲದೆ ಬರೆದವಳಲ್ಲ ಅಹಲ್ಯಾ. ಹಳೆಯ ಪುಟಗಳನ್ನೆಲ್ಲ ಹರಡಿಕೊಂಡು, ಮೊದಲ ಸಲ ಪೆನ್ನು ಹಿಡಿಯದೆ ಓದಿದೆ.

ಕೂಡಲೇ ಪೊಲೀಸರಿಗೆ ಫೋನ್ ಮಾಡಿದೆ. ಅವರು ನಿಮ್ಮ ಮನೆಗೆ ಹೋಗಿ ಬಂದರಂತೆ. ಯಾರೂ ಬಾಗಿಲು ತೆರೆಯಲಿಲ್ಲ, ಕಾರೂ ಇರಲಿಲ್ಲ, ಮತ್ತೆ ಹೋಗುತ್ತೇವೆ ಎಂದರು. ಶ್ರೀನಾಥನ ಫೋನ್ ಬಂದ್ ಆಗಿದೆ. ನಿನ್ನದು ರಿಂಗ್ ಆಗುತ್ತಲೇ ಇದೆ. “ಅವ್ವಾ, ಒಬ್ಬಾಕೀನ ಹೋಗಬ್ಯಾಡ, ನಾನೂ ಬರ್ತೀನಿ” ಎಂದು ಉಷಾ ಎರಡು ಟಿಕೆಟ್ ಬುಕ್ ಮಾಡಿದಳು. ಆ ಮನೆಯಲ್ಲಿ ನೀನಿಲ್ಲದಿದ್ದರೆ ಬೀದಿಯ ಒಂದೊಂದು ಬಾಗಿಲನ್ನೂ ತಟ್ಟುತ್ತೇನೆ. ನನಗೆ ಭಯವಾಗುತ್ತಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ನಿನ್ನ ಕೈಬರಹದ ಕೊನೆಯ ಪುಟ ಈಗ ನನ್ನ ತೊಡೆಯ ಮೇಲಿದೆ. ಶನಿವಾರದ್ದು, ಭವಿಷ್ಯತ್ಕಾಲದ ಅಭ್ಯಾಸ. ಒಂಬತ್ತು ವಾಕ್ಯ ಅಡುಗೆ, ಬಟ್ಟೆ, ಹವೆಯವು. ಹತ್ತನೆಯದು, “ಮೈ ಟೀಚರ್ ವಿಲ್ ರೀಡ್ ದಿಸ್.” ಅದರ ಮುಂದೆ ನನ್ನದೇ ಕೈಯ ಕೆಂಪು ಟಿಕ್ ಇದೆ.

ನೂರು ವರ್ಷ ಬಾಳು ಎಂದು ಹರಸಲು ಈಗ ಧೈರ್ಯವಿಲ್ಲ. ಸಂಜೆ ನಾನು ಬರುವ ತನಕ ಬದುಕಿರು, ಮಗಳೇ.

ತಡವಾಗಿ ಓದಿದ ನಿನ್ನ ಟೀಚರ್,
ಸಂಧ್ಯಾರಾಣಿ