ನನ್ನ ಸೀಟಿನಲ್ಲಿ ಕೂರುವ ಹೇಸರಗತ್ತೆ

ಒಂದು ಕಾಲಕ್ಕೆ ನನ್ನ ಗಂಡನಾಗಿದ್ದ ಹೋಯ್ಟ್‌ಗೆ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಮಂಗಳವಾರ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಚೆನ್ನಾಗಿಯೇ ಇದ್ದೀಯ. ವಿಚ್ಛೇದನವಾದ ಮೇಲೆ ನೀನಾಗಿ ಫೋನ್ ಮಾಡಿದ್ದು ಅದೇ ಮೊದಲು. ಯಾರೋ ಸತ್ತಿರಬೇಕು ಎಂದುಕೊಂಡು ಒಲೆ ಆರಿಸಿ ಓಡಿಬಂದೆ. ಯಾರೂ ಸತ್ತಿರಲಿಲ್ಲ. "ವರ್ನಾ, ಶನಿವಾರದ ಮ್ಯಾಚಿಗೆ ನಿನ್ನ ಸೀಟು ಬಿಟ್ಟುಕೊಡ್ತೀಯಾ? ಕ್ಯಾಂಡೇಸ್‌ಗೂ ಈಗೀಗ ಆಟ ಅರ್ಥ ಆಗ್ತಾ ಇದೆ" ಎಂದು ನೀನು ಕೇಳಿದೆ. ನಿನ್ನ ಹೊಸ ಹೆಂಡತಿ! ನಮ್ಮ ಮಗಳ ಮನೆಯಲ್ಲಿ ಟೀವಿ ಮುಂದೆ ಕೂತು, ಚೆಂಡು ಗೆರೆ ದಾಟಿದ ಮೊದಲ ಟಚ್‌ಡೌನಿಗೇ "ಮುಗೀತಾ? ಯಾರು ಗೆದ್ರು?" ಎಂದವಳು. ಅವಳಿಗೆ ಆಟ ಅರ್ಥವಾಗುತ್ತಿದೆಯಂತೆ. ನಾನು "ಬಿಟ್ಟುಕೊಡ್ತೀನಿ" ಎಂದೆ. ನೀನು ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಫೋನ್ ಇಟ್ಟೆ. ಯಾರಿಗೆ ಬಿಟ್ಟುಕೊಡುತ್ತೀಯ ಎಂದು ಮಾತ್ರ ಕೇಳಲಿಲ್ಲ.

ಆ ಸೀಟು ನನಗೆ ಹೇಗೆ ಬಂತೆಂದು ನಿನಗೆ ನೆನಪಿರಬೇಕು. ಕೋರ್ಟಿನಲ್ಲಿ ಮನೆ ನನಗೆಂದರು, ನೀನು ತಲೆಯಾಡಿಸಿದೆ. ದೋಣಿ, ಟ್ರಕ್ಕು ನಿನಗೆಂದರು, ನಾನು ತಲೆಯಾಡಿಸಿದೆ. ಟ್ಯಾಲ್ಮನ್ ಕಾಲೇಜಿನ ಫುಟ್‌ಬಾಲ್ ಮೈದಾನದಲ್ಲಿ ನಮ್ಮ ಹೆಸರಿಗಿದ್ದ ಆ ಎರಡು ಸೀಟಿನ ಮಾತು ಬಂದಾಗ ಇಬ್ಬರ ವಕೀಲರೂ ಒಟ್ಟಿಗೇ ಎದ್ದು ನಿಂತರು. ಜಡ್ಜ್ ಕನ್ನಡಕ ತೆಗೆದರು. "ಮಲಗೋ ಮನೆಗೆ ಜಗಳ ಇಲ್ಲ, ಕೂರೋ ಹಲಗೆಗೆ ಜಗಳಾನಾ?" ಎಂದರು. ಆಮೇಲೆ, ಅವರೂ ಟ್ಯಾಲ್ಮನ್‌ನವರೇ ತಾನೇ, ನಮ್ಮ ಸಂಕಟ ಅರ್ಥವಾಗಿರಬೇಕು. "ಒಬ್ಬರಿಗೊಂದು. ಅಕ್ಕಪಕ್ಕ ಕೂತು ಅನುಭವಿಸಿ" ಎಂದು ಬರೆಸಿದರು. ಅಲಬಾಮಾದ ಬೇರೆ ಹೆಂಗಸರು ವಿಚ್ಛೇದನವಾದ ಮೇಲೆ ಗಂಡನ ಮುಖ ನೋಡದೆ ಬದುಕುತ್ತಾರೆ. ನನಗೆ ಕಾನೂನೇ ನಿನ್ನ ಮೊಣಕೈ ತಾಗಿಸಿ ಕೂರಿಸಿತು.

ಮೊದಲ ವರ್ಷ ನಾವು ಒಂದು ಮಾತೂ ಆಡಲಿಲ್ಲ. ನೀನು ಕಡಲೆಕಾಯಿ ಸಿಪ್ಪೆಯನ್ನು ನನ್ನ ಕಾಲ ಬಳಿ ಉಗುಳಿದೆ, ನಾನು ನಿನ್ನ ಟೋಪಿಯ ಮೇಲೆ ಕೋಕ್ ಚೆಲ್ಲಿದೆ. ಒಂದು ಶನಿವಾರ, ಆಟ ಇನ್ನೇನು ಮುಗಿಯಬೇಕು ಎನ್ನುವಾಗ ನಮ್ಮ ತಂಡದ ಹುಡುಗ ಚೆಂಡು ಹಿಡಿದು ಗೆರೆ ದಾಟಿದ. ನೀನು ಹಿಂದೆಮುಂದೆ ನೋಡದೆ ಬಲಕ್ಕೆ ತಿರುಗಿ ನನ್ನನ್ನು ತಬ್ಬಿ ಎತ್ತಿಬಿಟ್ಟೆ. ನಿನ್ನ ಗಡ್ಡದಲ್ಲಿ ಹಾಟ್‌ಡಾಗಿನ ಸಾಸಿವೆಯ ವಾಸನೆ ಇತ್ತು. ಆಮೇಲೆ ಜ್ಞಾಪಕ ಬಂದು ಇಳಿಸಿ, "ಸಾರಿ, ಅಭ್ಯಾಸ ಬಲ" ಎಂದೆ. ಅಲ್ಲಿಂದ ಪ್ರತಿ ಟಚ್‌ಡೌನಿಗೂ ಆ ಅಭ್ಯಾಸ ಬಂತು. ಈಗ ಮುಚ್ಚಿಟ್ಟು ಏನು ಪ್ರಯೋಜನ? ಆಟಕ್ಕಾಗಿ ನಾನು ಆ ಸೀಟು ಉಳಿಸಿಕೊಂಡಿರಲಿಲ್ಲ, ಹೋಯ್ಟ್. ಇಡೀ ವರ್ಷದಲ್ಲಿ ನನ್ನನ್ನು ಯಾರಾದರೂ ಮುಟ್ಟುತ್ತಿದ್ದದ್ದು ಅಲ್ಲಿ ಮಾತ್ರ.

ಹೋದ ವರ್ಷ ನಾವು ಗೆದ್ದಾಗ ನಾನು ಎದ್ದು ಎರಡೂ ಕೈ ಚಾಚಿದೆ. ನೀನು ಎಡಕ್ಕೆ ತಿರುಗಿ ಆಚೆ ಸೀಟಿನ ಮುದುಕ ಲೀಲಂಡ್‌ನನ್ನು ತಬ್ಬಿಕೊಂಡೆ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ನಾನು ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟಿದೆ. ನೀನು ನೋಡಲಿಲ್ಲ ಎಂದುಕೊಂಡಿದ್ದೆ. ಮಂಗಳವಾರ ನೀನೇ ಹೇಳಿದೆ: "ಹೋದ ಸಲದ್ದು ಬೇಜಾರು ಮಾಡ್ಕೋಬೇಡ. ಕ್ಯಾಂಡೇಸ್ ಟೀವೀಲಿ ನೋಡ್ತಿರ್ತಾಳೆ, ಅದಕ್ಕೆ." ಹಾಗಾದರೆ ನೋಡಿದ್ದೆ. ನೋಡಿಯೇ ತಿರುಗಿದ್ದೆ.

ಇನ್ನು ಶನಿವಾರದ ಆಟ. ಹೇಸರಗತ್ತೆಗಳೆಂದೇ ಹೆಸರಾದ ಕ್ರೋವೆಲ್ ತಂಡವನ್ನು ನಾವು ಸಲೀಸಾಗಿ ಮಣ್ಣುಮುಕ್ಕಿಸುತ್ತೇವೆಂದು ನೀನು ಕ್ಷೌರದಂಗಡಿಯಲ್ಲಿ ಭಾಷಣ ಮಾಡಿದೆಯಂತೆ. ನಿನಗೆ ಆಟ ತಿಳಿದದ್ದು ಅಷ್ಟಕ್ಕಷ್ಟೇ. ನಮ್ಮ ಕ್ವಾರ್ಟರ್‌ಬ್ಯಾಕ್ ಮಂಡಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತಿದ್ದಾನೆ. ಚೆಂಡನ್ನು ಎತ್ತ ಎಸೆಯುತ್ತಾನೆಂದು ಅವನ ಕಣ್ಣೇ ಮೊದಲು ಹೇಳಿಬಿಡುತ್ತದೆ. ಅವರ ಮುಂಸಾಲಿನವರು ಫ್ರಿಜ್ಜಿನ ಹಾಗಿದ್ದಾರೆ, ತಳ್ಳಿದರೆ ತಳ್ಳಿದವನ ಸೊಂಟ ಹೋಗುತ್ತದೆ. ಕೊನೆಯವರೆಗೂ ನಮ್ಮನ್ನು ತುಳಿಯುತ್ತಾರೆ. ಆದರೆ ನಮ್ಮ ಕಿಕ್ಕರ್ ಈ ವರ್ಷ ಒಂದು ಒದೆತವನ್ನೂ ತಪ್ಪಿಸಿಲ್ಲ. ಕಟ್ಟಕಡೆಗೆ ಅವನ ಕಾಲಿನಿಂದ ಒಂದೇ ಪಾಯಿಂಟಿನ ಅಂತರದಲ್ಲಿ ಗೆಲ್ಲುತ್ತೇವೆ. ಬರೆದಿಟ್ಟುಕೋ.

ಆಗ ನಿನ್ನ ಬಲಕ್ಕೆ ಇರುವವನು ಡಾರೆಲ್ ಸ್ಪರ್ಲಿನ್. ಹೌದು, ಟೈರ್ ಅಂಗಡಿಯ ಡಾರೆಲ್. ಮೈಗೆಲ್ಲ ಹಳದಿ ಬಳಿದುಕೊಂಡು, ಉದ್ದ ಕಿವಿಯ ಟೋಪಿ ತೊಟ್ಟು, ಕ್ರೋವೆಲ್ ಪ್ರತಿ ಸಲ ಚೆಂಡು ಹಿಡಿದಾಗಲೂ ಹೇಸರಗತ್ತೆಯಂತೆ ಅರಚುವವನು. ಟಿಕೆಟ್ ಕೈಗಿಟ್ಟಾಗ ಅವನು ನನ್ನ ಮುಖವನ್ನೇ ನೋಡಿದ. "ಮೇಡಂ, ತಲೆಗಿಲೆ ಕೆಟ್ಟಿದ್ಯಾ? ನಿಮ್ಮ ಜನ ನನ್ನ ಜೀವಂತ ಬಿಡ್ತಾರಾ?" ಎಂದ. ಪುಕ್ಕಟೆ ಕೊಡುತ್ತೇನೆ, ಹೋಯ್ಟ್ ಪಕ್ಕದಿಂದ ಅಲ್ಲಾಡಬಾರದು ಅಷ್ಟೇ ಎಂದೆ. "ಅವನ ಕಿವೀಲೇ ಅರಚಲಾ?" ಎಂದು ಹಲ್ಲು ಕಿರಿದ. "ಬಲಗಿವೀಲೇ ಅರಚಬೇಕು, ಎಡಗಿವಿ ಅವನಿಗೆ ಅಷ್ಟಾಗಿ ಕೇಳಲ್ಲ" ಎಂದು ಹೇಳಿಕೊಟ್ಟೆ. ನಿನ್ನ ಕ್ಯಾಂಡೇಸ್‌ಗೆ ಅದು ಗೊತ್ತಿದೆಯೋ ಇಲ್ಲವೋ. ಇಷ್ಟು ವರ್ಷ ನಾನು ಬಲಗಡೆಯೇ ಕೂತದ್ದು ಅದಕ್ಕೆ.

ಎಡಕ್ಕೆ ತಿರುಗೋಣವೆಂದರೆ ಲೀಲಂಡ್ ಬೇಸಿಗೆಯಲ್ಲೇ ತೀರಿಕೊಂಡ. ಅವನ ಹೆಂಡತಿ ಆ ಜಾಗದಲ್ಲಿ ಅವನ ಕೆಂಪು ಟೋಪಿ ಇಟ್ಟು ಮನೆಗೆ ಹೋಗುತ್ತಾಳಂತೆ. ಈ ಆಟಕ್ಕೆಂದೇ ಕ್ಯಾಂಡೇಸ್‌ಗೆ ಹೊಸ ಸ್ವೆಟರ್ ಕೊಡಿಸಿದ್ದೀಯಂತೆ, ಅದು ವ್ಯರ್ಥವಾಗುವುದು ಬೇಡ, ತೊಟ್ಟುಕೊಂಡು ಟೀವಿ ಮುಂದೆ ಕೂರಲಿ. ನೀನು ಯಾರನ್ನು ತಬ್ಬುತ್ತೀಯೋ ಅವಳಿಗೂ ಕಾಣಲಿ.

ನಾನು ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂತಿರುತ್ತೇನೆ. ಗೆದ್ದರೂ ಏಳುವುದಿಲ್ಲ.

ನಿನಗಾಗಿ ಬುಧವಾರ ಚರ್ಚಿನಲ್ಲಿ ಮೊಣಕಾಲೂರಿ ಬೇಡಿಕೊಂಡಿದ್ದೇನೆ. ಒದ್ದ ಚೆಂಡು ಕಂಬಗಳ ನಡುವೆ ಹಾಯಲಿ. ಊರಿಗೆ ಊರೇ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿ. ನಿನ್ನ ಎರಡೂ ಕೈ ಅಭ್ಯಾಸ ಬಲದಿಂದ ತಾವಾಗಿಯೇ ಚಾಚಿಕೊಳ್ಳಲಿ.

ದೇವರು ನಿನಗೆ ಅಂಥ ಗೆಲುವನ್ನೇ ಕೊಡಲಿ,

ನಿನ್ನ ಬಲಗಡೆಯವಳಾಗಿದ್ದ
ವರ್ನಾ